ಬಿಳಿ ಎಸಳುಗಳಾದ ಅಕ್ಕ

ನವೆಂಬರ್ ೧೨, ಹಾಂಗ್‌ಝೌ

ಇಂದು ನನ್ನ ಅಕ್ಕ ಹೆಶಿಯಾಂಗ್‌ಳನ್ನು ಪರದೆಯ ಮೇಲೆ ಕೊಂದರು. ಜಪಾನಿ ಸೈನಿಕನ ಬಂದೂಕಿನ ಬಾಕು ಹೊಟ್ಟೆಯನ್ನು ಸೀಳಿತು. ಒಂದು ಹನಿ ರಕ್ತವೂ ಬರಲಿಲ್ಲ. ದೇಹ ಬಿಳಿ ಎಸಳುಗಳಾಗಿ ಗಾಳಿಯಲ್ಲಿ ಕರಗಿತು. ಇಂಥ ಸುಳ್ಳನ್ನು ಉತ್ತರಪತ್ರಿಕೆಯಲ್ಲಿ ಬರೆದವರಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಚೀನಾ-ಜಪಾನ್ ಯುದ್ಧದ ಈ ವೀಡಿಯೊ ಆಟಕ್ಕೆ ನಾನು ಇತಿಹಾಸದ ಸಲಹೆಗಾರ. ನಮ್ಮ ಹಳ್ಳಿಯ ಹತ್ಯಾಕಾಂಡವನ್ನು, ಅಮ್ಮ ಹೇಳಿದಂತೆಯೇ, ಅವರಿಗೆ ವಿವರಿಸಿದವನು ನಾನೇ.

“ರಕ್ತ ಎಲ್ಲಿ?” ಎಂದೆ.

“ಕೆಂಪು ರಕ್ತ ತೋರಿಸಿದ್ರೆ ಸರ್ಕಾರದ ಪರವಾನಗಿ ಸಿಗಲ್ಲ ಮೇಷ್ಟ್ರೇ,” ಎಂದಳು ಆಟವನ್ನು ರೂಪಿಸುತ್ತಿರುವ ಫಾನ್ ಮಿನ್. “ಬೇಕಾದ್ರೆ ಹಸಿರು ಮಾಡಿಕೊಡ್ತೀನಿ.”

“ನಮ್ಮಕ್ಕ ಏನು ಮಿಡತೆಯೇ?”

ಅವಳು ನಕ್ಕಳು, ಮರುಕ್ಷಣವೇ ತಲೆ ತಗ್ಗಿಸಿದಳು.

“ಹಾಗಿದ್ರೆ ಅವಳನ್ನ ಕೊಲ್ಲಲೇಬೇಡಿ. ತೆಗೆದುಬಿಡಿ,” ಎಂದೆ.

“ತೆಗೆದ್ರೆ ಆಡೋರಿಗೆ ಸಿಟ್ಟು ಹೆಂಗೆ ಬರುತ್ತೆ ಮೇಷ್ಟ್ರೇ? ಮುಂದಿನ ಹಂತದಲ್ಲಿ ಅವರು ಸೈನಿಕರ ತಲೆ ಕಡೀಬೇಕಲ್ಲ.”

ಈ ದೃಶ್ಯಕ್ಕೆ ನಾಳೆ ನನ್ನ ಒಪ್ಪಿಗೆಯ ಸಹಿ ಬೇಕಂತೆ. ಹಾಕದಿದ್ದರೆ ನಮ್ಮ ಹಳ್ಳಿಯ ಹೆಸರೇ ಆಟದಿಂದ ಅಳಿಯುತ್ತದೆ. ನನ್ನ ನಂತರ ಅದನ್ನು ಹೇಳುವವರಿಲ್ಲ. ಆದರೂ ಹಾಕಲಾರೆ. ಅಕ್ಕ ಸತ್ತು ಬಿದ್ದ ಬೀಸುವ ಕಲ್ಲನ್ನು ಅಮ್ಮ ಬೂದಿ ಹಾಕಿ ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ. ಮನೆಯಲ್ಲಿ ಬೇರೆ ಕಲ್ಲಿರಲಿಲ್ಲ. ಅದರಲ್ಲೇ ಬೀಸಿದ ಹಿಟ್ಟನ್ನು ತಿಂದು ನಾನು ಬೆಳೆದೆ.