ತಗಡಿನ ಬೋರ್ಡು, ಒದ್ದೆ ವಿಭೂತಿ

೧೪ ಜೂನ್, ಶನಿವಾರ. ನಂಜನಗೂಡು.

ನನ್ನ ಹೆಂಡತಿ ಗುರುಮಲ್ಲಮ್ಮನ ಬಲಗೈ ಇನ್ನೂ ಜೋಮು ಹಿಡಿದಂತಿದೆಯಂತೆ. ಡಾಕ್ಟರು ಹೆದರಬೇಡಿ ಎಂದರು. ನನ್ನ ಹೆದರಿಕೆ ಹೋಗಿಲ್ಲ.

ನಿನ್ನೆ ಸೊಸೆ ಪೂರ್ಣಿಮಾಳ ಹೊಲಿಗೆ ಅಂಗಡಿಗೆ ಬಲ್ಬಿನ ಬೋರ್ಡು ನಾನೇ ಮಾಡುತ್ತೇನೆಂದು ಕೂತೆ. ಎಣ್ಣೆ ಡಬ್ಬದ ತಗಡಿಗೆ ತೂತು ಹೊಡೆದು ಹೋಲ್ಡರ್ ಕೂರಿಸಿದೆ. "ಮಾವ, ತಗಡಿಗೆ ಅರ್ತ್ ಕೊಡ್ಬೇಕಂತೆ, ವೈರ್ ತೂರೋ ಕಡೆ ರಬ್ಬರ್ ಹಾಕ್ಬೇಕಂತೆ. ವಿಡಿಯೋದಲ್ಲಿ ಹೇಳ್ತಾವ್ರೆ" ಎಂದಳು. "ನಲವತ್ತು ವರ್ಷದಿಂದ ಮದುವೆ ಮನೆಗೆಲ್ಲ ಲೈಟ್ ಕಟ್ಟಿದೀನಿ ಕಣಮ್ಮ. ನಿನ್ ಫೋನು ಹುಟ್ಟಿತ್ತಾ ಆಗ?" ಎಂದು ಗದರಿದೆ.

ಇವತ್ತು ಬೆಳಿಗ್ಗೆ ಬೋರ್ಡು ಹತ್ತಿಸಿ ನೋಡುತ್ತಿದ್ದೆ. ಹೊಸದೇನು ಮನೆಗೆ ಬಂದರೂ ಗುರುಮಲ್ಲಮ್ಮ ಒದ್ದೆ ವಿಭೂತಿ ಬಳಿಯಬೇಕು. ಮೂರು ಬೆರಳು ತಗಡಿಗೆ ತಾಗಿದ್ದೇ ತಡ, ಕಿರುಚಿ ಹಿಂದಕ್ಕೆ ಬಿದ್ದಳು. ತೂತಿನ ಅಂಚು ವೈರಿನ ಸಿಪ್ಪೆ ಕೊಯ್ದು, ಕರೆಂಟು ತಗಡಿಗೇ ಹರಿದಿತ್ತು. ನೀರು ಕುಡಿದ ಮೇಲೆ, "ಬೈಯೋದು ಸಾಲ್ದು ಅಂತ ಕರೆಂಟ್ ಕೈಲೂ ಹೊಡೆಸ್ತೀರಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮಧ್ಯಾಹ್ನವೆಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಪ್ರತಿ ತೂತಿಗೂ ರಬ್ಬರ್ ಬುಷ್, ಸೋರಿದ ಕರೆಂಟು ನೆಲಕ್ಕಿಳಿಯಲು ತಗಡಿಗೆ ಅರ್ತ್ ವೈರು. ಟೆಸ್ಟರನ್ನು ಪೂರ್ಣಿಮಾಳ ಕೈಗೇ ಕೊಟ್ಟು, "ನೀನೇ ನೋಡವ್ವ" ಎಂದೆ. ತಪ್ಪಾಯ್ತು ಅನ್ನಲು ನನಗೆ ಬರುವುದು ಅಷ್ಟೇ. ತಗಡಿಗೆ ಇಟ್ಟಳು, ಟೆಸ್ಟರ್ ಉರಿಯಲಿಲ್ಲ. "ಈಗ ಸರಿ ಹೋಯ್ತು ಮಾವ" ಎಂದಳು.

ಬೋರ್ಡು ಚೆನ್ನಾಗಿಯೇ ಬೆಳಗುತ್ತಿದೆ. ಗುರುಮಲ್ಲಮ್ಮ ಮಾತ್ರ ಹೊಸ್ತಿಲು ದಾಟಲಿಲ್ಲ, ಅಲ್ಲಿಂದಲೇ ನೋಡಿದಳು. ನನ್ನ ಕೈಕೆಲಸಕ್ಕೆ ಅವಳು ಹೆದರಿದ್ದನ್ನು ಇದೇ ಮೊದಲು ಕಂಡೆ. ಹತ್ತಿರ ಬಾ ಎಂದು ಕರೆಯಲು ನನಗೂ ಬಾಯಿ ಬರಲಿಲ್ಲ. ಸೊಂಟ ನೋಯುತ್ತಿದೆ, ಸಾಕು...