ಮೊದಲ ಪುಟದ ಪರೀಕ್ಷೆ

ಸಕಲ ಜೀವಿಗಳಲ್ಲಿ ಉಸಿರಾಗಿ ನೆಲೆಸಿರುವ ಪರಮಾತ್ಮನನ್ನು ನೆನೆದು,
ಶುಕ್ಲಪಕ್ಷದ ದಶಮಿ, ಗುರುವಾರ, ಪ್ರಾತಃಕಾಲ.

ನಾಯಿಗಳ ಆಶ್ರಯಧಾಮದ ವೈದ್ಯೆ, ಮಗಳ ಸಮಾನರಾದ ತಮಗೆ ಆಶೀರ್ವಾದಗಳು.

ಕುಂಟುನಾಯಿಯ ಶಸ್ತ್ರಚಿಕಿತ್ಸೆಗೆ ಹಣ ಕೂಡಿಸಲೆಂದು ನಿನ್ನೆ ತಮ್ಮ ಅಂಗಳದಲ್ಲಿ ನನ್ನ ವ್ಯಾಖ್ಯಾನಗ್ರಂಥದ ಪ್ರತಿಗಳನ್ನು ಮಾರಲು ಕುಳಿತ ನಾನು ಒಂದು ಪ್ರಮಾದವೆಸಗಿದೆ. ಮೊದಲ ಪುಟವನ್ನು ತಪ್ಪಿಲ್ಲದೆ ಓದಿದವರಿಗಷ್ಟೇ ಪುಸ್ತಕ ಕೊಡುವೆನೆಂದು ಹಟ ಹಿಡಿದು, ಮಧ್ಯಾಹ್ನದವರೆಗೆ ಬಂದವರನ್ನೆಲ್ಲ ಬರಿಗೈಯಲ್ಲಿ ಕಳುಹಿಸಿದೆ.

“ಮಾವ, ನೀವು ಪುಸ್ತಕ ಮಾರ್ತಿದ್ದೀರೋ, ಪರೀಕ್ಷೆ ನಡೆಸ್ತಿದ್ದೀರೋ? ಇವರೆಲ್ಲ ಪಾಸಾಗೋ ಹೊತ್ತಿಗೆ ನಾಯಿಗೆ ಮುಪ್ಪು ಬಂದಿರುತ್ತೆ,” ಎಂದಳು ಜೊತೆಗೆ ಬಂದಿದ್ದ ನನ್ನ ಸೊಸೆ.

ನಾಚಿ, ನಾನೇ ಗಟ್ಟಿಯಾಗಿ ಓದತೊಡಗಿದೆ. ಮನುಷ್ಯರ ನೆರಳಿಗೂ ಹೆದರುತ್ತಿದ್ದ ಆ ನಾಯಿ ತೆವಳುತ್ತ ಬಂದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅದನ್ನು ಕಂಡ ಜನರು ಸುತ್ತ ಕುಳಿತು ಕೇಳಿದರು. ಸಂಜೆಗೆ ಒಂದು ಪ್ರತಿಯೂ ಉಳಿಯಲಿಲ್ಲ.

ಚಿಕಿತ್ಸೆಗೆ ಬಂದ ಹಣ ಸಾಕೆಂದು ತಾವು ತಿಳಿಸಿದಿರಿ. ಗುಣವಾದ ಬಳಿಕ ಆ ನಾಯಿಯನ್ನು ದಯವಿಟ್ಟು ಬೇರೆಯವರಿಗೆ ಕೊಡಬೇಡಿ. ನನ್ನ ಮನೆಯಲ್ಲಿ ಪುಸ್ತಕದ ಕಟ್ಟುಗಳಿದ್ದ ಕಿಟಕಿಯ ಕೆಳಗಿನ ಜಾಗ ಈಗ ಬರಿದಾಗಿದೆ. ಅಲ್ಲಿ ಕಂಬಳಿ ಹಾಸಿದ್ದೇನೆ. ನಾಯಿ ಏನು ತಿನ್ನುವುದೆಂದು ಮಾತ್ರ ಬರೆದು ಕಳುಹಿಸಿ.

ಇತಿ, ತಮ್ಮ ವಿಶ್ವಾಸಿ, ವೃದ್ಧ ಅಧ್ಯಾಪಕ.

ಪುಸ್ತಕ ಕೊಂಡವರಿಗೂ, ನನ್ನ ಹಟದಿಂದ ಬರಿಗೈಯಲ್ಲಿ ಹಿಂದಿರುಗಿದವರಿಗೂ, ಚಿಕಿತ್ಸೆ ಮಾಡುವ ತಮ್ಮ ಕೈಗಳಿಗೂ, ಆ ಮೂಕಜೀವಿಗೂ ಭಗವಂತನು ಮಂಗಳವನ್ನುಂಟುಮಾಡಲಿ.