ಭೀಮರಾಯರ ಮಷೀನಿಗೆ ತಗಡಿನ ಟ್ರೇ

ಭಾಂಡುಪ್, ಮುಂಬಯಿ
೧೩ ಫೆಬ್ರವರಿ ೧೯೭೭, ಭಾನುವಾರ

ರಜಿಯಾಳ ಅಬ್ಬಾನವರಿಗೆ ಬಷೀರಾಳ ಸಲಾಮು.

ನಿಮ್ಮ ಕೆಮ್ಮು ಹೇಗಿದೆ? ಕುವೈತಿನಲ್ಲಿ ಬೆಳಗಿನ ಚಳಿ ಮೂಳೆ ಹೊಗುತ್ತದೆ ಎಂದು ಬರೆದಿದ್ದಿರಿ. ನಾನು ಕಟ್ಟಿಕೊಟ್ಟ ಉಣ್ಣೆಯ ಟೊಪ್ಪಿಗೆ ಪೆಟ್ಟಿಗೆಯಲ್ಲೇ ಮಲಗಿರಬೇಕು, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ಹಾಕಿಕೊಳ್ಳಿ, ಅಲ್ಲಿ ನಿಮ್ಮ ಕ್ರಾಪು ನೋಡುವವರು ಯಾರೂ ಇಲ್ಲ. ನಾವು ಇಲ್ಲಿ ಅಲ್ಲಾನ ದಯೆಯಿಂದ ಆರಾಮ. ರಜಿಯಾ ಈಗ ಮರಾಠಿಯಲ್ಲೇ ಜಗಳವಾಡುತ್ತಾಳೆ, ಕನ್ನಡದಲ್ಲಿ ಬೈದರೆ ಮಾತ್ರ ಹೆದರುತ್ತಾಳೆ. ಅದಕ್ಕೆ ನಾನು ಕನ್ನಡ ಬಿಟ್ಟಿಲ್ಲ.

ನಿಮ್ಮ ಪತ್ರ ಬಂತು. ಅವಳ ಪರೀಕ್ಷೆ ಮುಗಿದ ಕೂಡಲೇ ದುಕಾನು ಮುಚ್ಚಿ, ಕತ್ತರಿ, ಸುತ್ತಿಗೆ, ಹತಾರೆಲ್ಲ ನಿಮ್ಮ ತಮ್ಮ ಸರ್ದಾರನಿಗೆ ಒಪ್ಪಿಸಿ, ನಾವಿಬ್ಬರೂ ಬಿಜಾಪುರಕ್ಕೆ ಅಮ್ಮಾಜಾನರ ಹತ್ತಿರ ಹೋಗಬೇಕು ಎಂದಿದ್ದೀರಿ. ಹೆಂಗಸು ತಗಡಿನ ದುಕಾನಿನಲ್ಲಿ ಕುಳಿತರೆ ನಾಲ್ಕು ಜನ ಏನಂದಾರು ಎಂದೂ ಬರೆದಿದ್ದೀರಿ. ಆ ನಾಲ್ಕು ಜನ ಬಕೆಟ್ಟು ತೂತು ಬಿದ್ದಾಗ ನನ್ನ ಹತ್ತಿರವೇ ಬರುತ್ತಾರೆ. ಮದುವೆಯಾದಾಗಿನಿಂದ ತಗಡಿನ ಆ ತುದಿ ನೀವು, ಈ ತುದಿ ನಾನು ಹಿಡಿದಿಲ್ಲವೇ? ಟ್ರಂಕಿನ ಮೂಲೆಗಳಿಗೆ ಬೆಸುಗೆ ಹಾಕುತ್ತಿದ್ದದ್ದು ಯಾರು? ಸಿಟ್ಟು ಬಂದಿತ್ತು, ಅದಕ್ಕೇ ಉತ್ತರ ತಡವಾಯಿತು. ಈಗ ಸಿಟ್ಟಿಲ್ಲ. ಈಗ ನನಗೆ ಜಂಬ ಬಂದಿದೆ, ಏಕೆಂದು ಕೇಳಿ.

ಮಾಟುಂಗದಿಂದ ಭೀಮರಾಯರು ಎಂಬ ಹಿರಿಯರು ನಿಮ್ಮನ್ನು ಹುಡುಕಿಕೊಂಡು ಬಂದರು. ಗುಲ್ಬರ್ಗದ ಕಡೆಯವರು, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಹೊಲಿಗೆ ಮಷೀನಿಗಿಂತ ಸ್ವಲ್ಪ ದೊಡ್ಡದಾದ ಒಂದು ಮಿಲ್ಲಿಂಗ್ ಮಷೀನು ಇಟ್ಟುಕೊಂಡು, ಬರೀ ಖುಷಿಗಾಗಿ ಅಂಗೈ ಅಗಲದ ರೈಲು ಎಂಜಿನ್ ಮಾಡುತ್ತಾರೆ. ತಿರುಗುವ ಹಲ್ಲು ಕಬ್ಬಿಣ ಕೊರೆಯುವಾಗ ಕಾಯಬಾರದೆಂದು ಎಣ್ಣೆ ಬೆರೆಸಿದ ನೀರು ಬಿಡಬೇಕಂತೆ, ನೋಡಲು ಹಾಲಿನಂತೆ ಬೆಳ್ಳಗೆ. ಆ ನೀರು ನಾಲ್ಕೂ ಕಡೆ ಸಿಡಿದು, ನೆಲದಿಂದ ಇಳಿದು, ಕೆಳಗಿನ ಮನೆಯ ರಾಜೀವಿಬಾಯಿಯವರ ಬಾಲ್ಕನಿಗೆ ಬೀಳುತ್ತಿತ್ತು. ಅವರು ಉಡುಪಿ ಕಡೆಯವರು, ಅಲ್ಲೇ ಸಂಡಿಗೆ ಒಣಗಿಸುವವರು. ಇನ್ನೊಂದು ಹನಿ ಬಿದ್ದರೂ ಮಷೀನು ಹೊರಗೆ ಹಾಕಿ ಎಂದು ಬಿಲ್ಡಿಂಗಿನ ಮಾಲೀಕರು ಭೀಮರಾಯರಿಗೆ ಹೇಳಿಬಿಟ್ಟಿದ್ದರು. ಕೆಳಗೊಂದು ಟ್ರೇ, ಸುತ್ತ ಒಂದು ಮರೆ, ಅಮೀರಸಾಬರಾದರೆ ಮಾಡಿಕೊಡುತ್ತಿದ್ದರು ಎಂದು ನಿಮ್ಮನ್ನು ನೆನೆದು ಅವರು ಎದ್ದು ಹೊರಟಾಗ, ನಾನು ಮಾಡುತ್ತೇನೆ ಎಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು. ಇದು ಸೋರಿದರೆ ಕೀಲಿ ಸರ್ದಾರನ ಕೈಗೆ, ಸೋರದಿದ್ದರೆ ದುಕಾನು ನನ್ನದು ಎಂದು ಮನಸ್ಸಿನಲ್ಲೇ ಪಣ ಕಟ್ಟಿದೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?

ಮಷೀನಿನ ಮೇಜು ಅತ್ತಿತ್ತ ಸರಿಯುತ್ತದೆ. ನಿಂತಾಗಿನ ಅಳತೆ ಸಾಲದು ಎಂದು ಅವರ ಮನೆಗೆ ಹೋಗಿ, ಎರಡೂ ಕೊನೆಗೆ ಸರಿಸಿ, ದಾರ ಹಿಡಿದು ಅಳೆದೆ. ಟ್ರೇಯ ತಳವನ್ನು ನಮ್ಮ ಖೋಲಿಯ ಮೋರಿಯಂತೆ ಒಂದು ಮೂಲೆಗೆ ಇಳಿಜಾರು ಮಾಡಿ, ಅಲ್ಲಿ ತೂತು, ತೂತಿಗೆ ಕಬ್ಬಿಣದ ಚೂರು ತಡೆಯಲು ಚಹಾ ಸೋಸುವ ಜಾಳಿಗೆ, ಅದರ ಕೆಳಗೆ ಡಬ್ಬಿ. ಸುತ್ತ ಮೂರು ಕಡೆ ತಗಡಿನ ಮರೆ, ಮುಂದೆ ಕೈ ಹಾಕಲು ಎತ್ತುವ ಬಾಗಿಲು. ಸೋರುತ್ತದೆಯೇ ಎಂದು ನೋಡಲು, ನೀವು ಮಾಡುವ ಹಾಗೆಯೇ ಹೊರಗೆ ಸುಣ್ಣ ಬಳಿದು ಒಳಗೆ ಸೀಮೆಎಣ್ಣೆ ನಿಲ್ಲಿಸಿದೆ. ಎಲ್ಲೂ ಸುಣ್ಣ ಕಪ್ಪಾಗಲಿಲ್ಲ. ಲೋಕಲ್ ರೈಲಿನ ಲಗೇಜ್ ಡಬ್ಬದಲ್ಲಿ ಒಯ್ದೆ. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಇದು ಯಾವ ಮಗುವಿನ ತೊಟ್ಟಿಲು ಎಂದು ನಕ್ಕಳು.

ಭೀಮರಾಯರು ಟ್ರೇಯ ಮೇಲೆ ಮಷೀನು ಕೂರಿಸಿ ಚಾಲೂ ಮಾಡಿದರು. ಟ್ರೇ ಸೋರಲಿಲ್ಲ, ಆದರೂ ನೆಲ ಒದ್ದೆ. ರಾಜೀವಿಬಾಯಿ ಬಿಳಿ ಚುಕ್ಕೆ ಬಿದ್ದ ಸಂಡಿಗೆ ತಟ್ಟೆ ಹಿಡಿದೇ ಮೇಲೆ ಬಂದರು. "ನಾಳೆ ಮತ್ತೆ ಬಿದ್ದರೆ ಈ ಮಷೀನು ರಸ್ತೆಯಲ್ಲಿ ಉಂಟು, ನೋಡಿ ಮಾರಾಯ್ರೆ" ಎಂದರು. ಭೀಮರಾಯರು ತಮ್ಮ ಪುಟ್ಟ ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಅದನ್ನು ನೋಡಲಾಗಲಿಲ್ಲ. ಮಂಡಿಯೂರಿ ಮರೆಯ ಬುಡಕ್ಕೆ ಬೆರಳಾಡಿಸಿದೆ. ಆಗ ತಿಳಿಯಿತು ನೋಡಿ, ಇದು ಟ್ರಂಕು ಮಾಡುವವರು ಮಾತ್ರ ಮಾಡುವ ತಪ್ಪು. ಟ್ರಂಕಿನ ಮುಚ್ಚಳ ಯಾವಾಗಲೂ ಪೆಟ್ಟಿಗೆಯ ಹೊರಗೆ ಕೂರಬೇಕು, ಮಳೆ ಒಳಗೆ ಹೋಗಬಾರದು. ಕೈ ರೂಢಿಯಂತೆ ಮರೆಯನ್ನೂ ಟ್ರೇಯ ಅಂಚಿನ ಹೊರಗೇ ಕೂರಿಸಿದ್ದೆ. ಇಲ್ಲಿ ಮಳೆ ಬೀಳುವುದೇ ಒಳಗೆ. ಸಿಡಿದ ನೀರು ಮರೆಗೆ ಬಡಿದು, ಇಳಿದು, ಮರ್ಯಾದೆಯಿಂದ ಹೊರಗೆ ಹೋಗುತ್ತಿತ್ತು.

ಮಾರನೆಯ ದಿನ ಮರೆಯ ಬುಡ ಕತ್ತರಿಸಿ, ಅಂಚಿನ ಒಳಗೆ ಇಳಿಯುವಂತೆ ಮಡಿಚಿ ಕೂರಿಸಿದೆ. ಬಾಗಿಲಿನ ಕೆಳಗೂ ಒಳಕ್ಕೆ ಬಾಗಿದ ತುಟಿ ಮಾಡಿದೆ. ರಾಜೀವಿಬಾಯಿ ಹಟದಿಂದ ತಮ್ಮ ಬಾಲ್ಕನಿಯಲ್ಲಿ ಒಗೆದ ಬಿಳಿ ಚಾದರ ಹಾಸಿದರು. ಭೀಮರಾಯರು ಮಧ್ಯಾಹ್ನದ ಊಟವನ್ನೂ ಮರೆತು ಮಷೀನು ಓಡಿಸಿದರು. ಕೊನೆಗೆ ರಾಜೀವಿಬಾಯಿ ಚಾದರವನ್ನು ಎತ್ತಿಕೊಂಡೇ ಮೇಲೆ ಬಂದು, ಎರಡೂ ಬದಿ ತಿರುಗಿಸಿ ತಿರುಗಿಸಿ ನೋಡಿ, "ಒಂದು ಹನಿಯೂ ಇಲ್ಲ. ಇದನ್ನು ಮಾಡಿದ್ದು ಯಾರು?" ಎಂದು ಕೇಳಿದರು.

"ನಾನು" ಎಂದೆ. ನಿಮ್ಮ ಹೆಸರು ಹೇಳಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ನೀವು ಕಲಿಸಿದ ಕೈ ಇತ್ತು, ಆದರೆ ಕೈ ನನ್ನದೇ. ರಾಜೀವಿಬಾಯಿ ನನ್ನನ್ನು ಕರೆದೊಯ್ದು ನೀರುದೋಸೆ ತಿನ್ನಿಸಿದರು. ಭೀಮರಾಯರಂತೆಯೇ ಮನೆಯಲ್ಲಿ ಮಷೀನು ಇಟ್ಟುಕೊಂಡ ಅವರ ಗೆಳೆಯರಿಗೂ ಇಂಥದೇ ಬೇಕಂತೆ. ಅದರಲ್ಲಿ ಎರಡು ನಿನ್ನೆಯೇ ಮುಗಿದವು.

ಅಮ್ಮಾಜಾನರಿಗೆ ಬೇರೆ ಪತ್ರ ಹಾಕಿದ್ದೇನೆ, ರಜೆಯಲ್ಲಿ ಅವರೇ ಬಂದು ಇರಲಿ. ರಜಿಯಾ ನಿಮಗೆ ಮುದ್ದು ಕಳಿಸಿದ್ದಾಳೆ. ಹೊತ್ತಿಗೆ ಉಣ್ಣಿ, ನಮಾಜಿನಲ್ಲಿ ನಮ್ಮನ್ನು ನೆನೆಯಿರಿ. ಅಲ್ಲಾ ನಿಮ್ಮನ್ನು ಕಾಪಾಡಲಿ.

ನಿಮ್ಮ
ಬಷೀರಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸರ್ದಾರ ಪರೀಕ್ಷೆ ಮುಗಿಯುವವರೆಗೂ ಕಾಯದೆ ಗೋರೆಗಾಂವಿನಿಂದ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದ. "ಭಾಬಿ, ಭೈಯಾ ಪತ್ರ ಬರದಾರ, ಹತಾರ ಎಲ್ಲಾ ಏರಸ್ರಿ" ಅಂದ. ಚಹಾ ಕೊಟ್ಟೆ. ಹತಾರದ ಬದಲು ಆ ಎರಡೂ ಟ್ರೇಗಳನ್ನು ಮರೆಗಳ ಸಮೇತ ಏರಿಸಿ, ವಿಳಾಸ ಕೈಗಿಟ್ಟು, ಮಾಟುಂಗಕ್ಕೆ ಕಳಿಸಿದ್ದೇನೆ. ಹುಷಾರಾಗಿ ಓಡಿಸು, ಅಂಚು ನೆಗ್ಗಬಾರದು ಎಂದು ಹೇಳಿದ್ದೇನೆ.